ಒಂದು ದ್ವೀಪಕ್ಕೆ 1,204 ಮೀಟರ್

ಬೆಂಗಳೂರಿಗೆ ಮುಂಬೈಗಿಂತ ಲಕ್ಷದ್ವೀಪದ ಅಗತ್ತಿ ಹತ್ತಿರ. ಆದರೂ ಜಯನಗರದ ರಜೆಯ ಪಟ್ಟಿಯಲ್ಲಿ ಪೋರ್ಟ್ ಬ್ಲೇರ್, ಮಾಲೆ, ಬಾಲಿಗಳೇ ಮುಂದಿವೆ. ನಡುವೆ ಅಡ್ಡ ನಿಂತಿರುವುದು ಅರಬ್ಬೀ ಸಮುದ್ರವಲ್ಲ, ಒಂದು ಗಿಡ್ಡ ರನ್‌ವೇ.

ಜಯನಗರ ನಾಲ್ಕನೇ ಬ್ಲಾಕಿನ ಪ್ರವಾಸ ಏಜೆನ್ಸಿಗಳ ಬೋರ್ಡುಗಳಲ್ಲಿ ಈಗ ಕಡಲು ಉಕ್ಕಿದೆ. ಹಿಂದೊಂದು ಕಾಲಕ್ಕೆ ಅಲ್ಲಿ ಕಾಶಿ–ಪ್ರಯಾಗ, ರಾಮೇಶ್ವರ–ಕನ್ಯಾಕುಮಾರಿ, ಊಟಿ–ಕೊಡೈಕೆನಾಲ್ ಇರುತ್ತಿದ್ದವು. ಜೊತೆಗೆ, ನಮ್ಮ ಕಡೆಯ ಅಡುಗೆಯವರು ಬರುತ್ತಾರೆ ಎಂಬ ಭರವಸೆ. ಆ ಭರವಸೆ ಇಂದಿಗೂ ಉಳಿದಿದೆ, ಊರುಗಳು ಮಾತ್ರ ಬದಲಾಗಿವೆ. ಅಂಡಮಾನ್, ಮಾಲ್ದೀವ್ಸ್, ಶ್ರೀಲಂಕಾ, ಬಾಲಿ, ಲಂಕಾವಿ. ಬನಶಂಕರಿ, ಜೆ.ಪಿ. ನಗರದ ಮನೆಗಳಲ್ಲಿ ದಸರಾ ರಜೆಗೆ ಎಲ್ಲಿಗೆ ಎಂಬ ಪ್ರಶ್ನೆಗೆ ಈಗ ದ್ವೀಪದ ಹೆಸರೇ ಉತ್ತರ.

ಈ ಬದಲಾವಣೆಗೆ ಒಂದು ಸರ್ಕಾರಿ ಕಾರಣವೂ ಉಂಟು. ಕೇಂದ್ರ ಸರ್ಕಾರದ ನೌಕರರು ಸ್ವಂತ ಊರಿಗೆ ಹೋಗಬೇಕಾದ ಎಲ್‌ಟಿಸಿಯನ್ನು, ಅಂದರೆ ರಜೆ ಪ್ರಯಾಣದ ಸೌಲಭ್ಯವನ್ನು, ಅಂಡಮಾನ್ ಪ್ರವಾಸಕ್ಕೆ ಬದಲಿಸಿಕೊಂಡು ವಿಮಾನದಲ್ಲೇ ಹೋಗಬಹುದು ಎಂಬ ರಿಯಾಯಿತಿಯನ್ನು ದೆಹಲಿ ವರ್ಷಗಳಿಂದ ಮುಂದುವರಿಸಿಕೊಂಡು ಬಂದಿದೆ. ಕೇಂದ್ರದ ಕಚೇರಿಗಳು ತುಂಬಿರುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ನೌಕರಿಯ ಲೆಕ್ಕದಲ್ಲಿ ಮೊದಲ ಬಾರಿ ವಿಮಾನ ಹತ್ತಿದ ಎಷ್ಟೋ ಮಂದಿ ನೇರ ಸೆಲ್ಯುಲರ್ ಜೈಲಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ.

ನಕ್ಷೆ ಹರಡಿ ಅಳೆದರೆ ಮಾತ್ರ ಒಂದು ವಿಚಿತ್ರ ಕಾಣುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಬಾಲಿಗೆ ನೇರ ಗೆರೆಯಲ್ಲಿ ಸುಮಾರು 4,800 ಕಿ.ಮೀ., ಪೋರ್ಟ್ ಬ್ಲೇರ್‌ಗೆ 1,650, ಮಾಲೆಗೆ 1,100. ಲಕ್ಷದ್ವೀಪದ ಅಗತ್ತಿಗೆ 650 ಅಷ್ಟೆ. ಮುಂಬೈಯೇ 800 ದಾಟುತ್ತದೆ. ತೀರಾ ಹತ್ತಿರದ ಹವಳ ದ್ವೀಪಕ್ಕೆ ಹೋಗಿ ಬಂದವರು ನಿಮ್ಮ ಬೀದಿಯಲ್ಲಿ ಎಷ್ಟು ಮಂದಿ? ಬಾಲಿಗೆ ಹೋದವರಿಗಿಂತ ಕಡಿಮೆಯೇ ಇದ್ದಾರು. ಇದೇಕೆ ಹೀಗೆ ಎಂದು ಹುಡುಕುತ್ತ ಹೋದರೆ, ಟಿಕೆಟ್ಟಿನ ದರದಿಂದ ಹಿಡಿದು ಹವಳದ ಆಯುಸ್ಸಿನವರೆಗೆ ಎಲ್ಲವೂ ಒಂದೇ ಸಂಖ್ಯೆಗೆ ಗಂಟು ಬಿದ್ದಿರುವುದು ಕಾಣುತ್ತದೆ. ಅಗತ್ತಿಯ ರನ್‌ವೇ ಉದ್ದ 1,204 ಮೀಟರ್.

ಮೊದಲ ಕಡಲು ಹೆಬ್ಬಾಳ

ದಕ್ಷಿಣ ಬೆಂಗಳೂರಿನವರ ದ್ವೀಪಯಾನ ಶುರುವಾಗುವುದು ವಿಮಾನದಲ್ಲಲ್ಲ, ಬಳ್ಳಾರಿ ರಸ್ತೆಯಲ್ಲಿ. 2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ಬಾಗಿಲು ತೆರೆದಾಗ ಎಚ್‌ಎಎಲ್ ನಿಲ್ದಾಣದ ನಾಗರಿಕ ವಿಮಾನ ಸಂಚಾರ ನಿಂತಿತು. ಜಯನಗರದಿಂದ ಹತ್ತು ಹನ್ನೆರಡು ಕಿಲೋಮೀಟರಿನಲ್ಲಿದ್ದ ವಿಮಾನ ಒಂದೇ ರಾತ್ರಿಯಲ್ಲಿ ನಲವತ್ತು ಕಿಲೋಮೀಟರ್ ಆಚೆ ಹೋಯಿತು. ಬನಶಂಕರಿಯಿಂದ ಹೊರಡುವ ವಾಯುವಜ್ರ ಕೆಐಎ–5 ಬಸ್ಸಿನಲ್ಲಿ ಕುಳಿತವರಿಗೆ ಹೆಬ್ಬಾಳ ದಾಟುವವರೆಗೂ ಎದೆಯಲ್ಲಿ ಡವಡವ. ಎರಡು ಗಂಟೆ ಕೈಯಲ್ಲಿಟ್ಟುಕೊಂಡು ಹೊರಡುವುದು, ಕೌಂಟರ್ ಮುಚ್ಚುವ ಮುನ್ನ ತಲುಪುವುದು, ಭದ್ರತಾ ತಪಾಸಣೆಯ ಸಾಲು ಇವನ್ನೆಲ್ಲ ಕೂಡಿದರೆ ನೆಲದ ಮೇಲಿನ ಹೊತ್ತು ಆಕಾಶದ ಹೊತ್ತಿನ ಎರಡರಷ್ಟಾಗುತ್ತದೆ.

ಇದಕ್ಕೆ ಪರಿಹಾರ ಬೇಗ ಬರುವಂತಿಲ್ಲ. ವಿಮಾನ ನಿಲ್ದಾಣದ ಮೆಟ್ರೊ ಇನ್ನೂ ಮುಗಿಯದ ನೀಲಿ ಮಾರ್ಗದ ಮೇಲೆ ನಿಂತಿದೆ. ಕನಕಪುರ ರಸ್ತೆಯ ಚೂಡಹಳ್ಳಿ, ಸೋಮನಹಳ್ಳಿ ಮತ್ತು ನೆಲಮಂಗಲದ ಕಡೆಯ ಜಾಗವನ್ನು ಎರಡನೇ ನಿಲ್ದಾಣಕ್ಕಾಗಿ ರಾಜ್ಯ ಸರ್ಕಾರ ಗುರುತಿಸಿತು. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಯೂ ಹೋಯಿತು. ಆದರೆ ದೇವನಹಳ್ಳಿ ನಿಲ್ದಾಣದ ಒಪ್ಪಂದದ ಪ್ರಕಾರ 2033ರವರೆಗೆ 150 ಕಿ.ಮೀ. ವ್ಯಾಪ್ತಿಯೊಳಗೆ ಹೊಸ ಪೈಪೋಟಿ ನಿಲ್ದಾಣ ತಲೆಯೆತ್ತುವಂತಿಲ್ಲ. ಅಲ್ಲಿಯವರೆಗೆ ಜೆ.ಪಿ. ನಗರದವರ ಪ್ರವಾಸದ ಮೊದಲ ದಿನ ರಾತ್ರಿ ಒಂದೂವರೆಗೇ ಶುರು.

ಗೊರೂರಿನ ಕ್ಯಾಪ್ಟನ್ನನ ಲೆಕ್ಕ

ಕಡಿಮೆ ದರದ ಟಿಕೆಟ್ಟಿನ ಕಥೆಗೆ ಬೇರು ಇರುವುದು ಇದೇ ನಾಡಿನಲ್ಲಿ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೇನೆ ಬಿಟ್ಟು ಬಂದು ಹೊಲ ಮಾಡಿದವರು, ಹೆಲಿಕಾಪ್ಟರ್ ಕಂಪನಿ ನಡೆಸಿದವರು. ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ವಾಹನ ಎಟಿಆರ್ 42, ರೆಕ್ಕೆಗೆ ಫ್ಯಾನಿನಂತೆ ಪ್ರೊಪೆಲ್ಲರ್ ಇರುವ ಪುಟ್ಟ ವಿಮಾನ. ಅದರಲ್ಲಿ ಬಿಸಿನೆಸ್ ಕ್ಲಾಸ್ ಇರಲಿಲ್ಲ, ಬಿಟ್ಟಿ ಊಟವೂ ಇರಲಿಲ್ಲ. ಮುಂದೆ ಒಂದು ರೂಪಾಯಿ ಟಿಕೆಟ್ಟಿನ ಕೊಡುಗೆಯೂ ಬಂತು. ಕಂಪನಿ ಕೆಲವೇ ವರ್ಷಗಳಲ್ಲಿ ಕಿಂಗ್‌ಫಿಷರ್ ಕೈಗೆ ಹೋಯಿತು. ಅದು ಕಲಿಸಿದ ಲೆಕ್ಕ ಮಾತ್ರ ಎಲ್ಲರ ಪಾಲಾಯಿತು: ಒಂದೇ ಬಗೆಯ ಸೀಟುಗಳನ್ನು ಒತ್ತೊತ್ತಾಗಿ ಜೋಡಿಸು, ವಿಮಾನ ನೆಲದ ಮೇಲೆ ನಿಲ್ಲುವ ಹೊತ್ತು ಕಡಿಮೆ ಮಾಡು, ಊಟವನ್ನೂ ಹೆಚ್ಚುವರಿ ಲಗೇಜನ್ನೂ ಬೇರೆಯಾಗಿ ಮಾರು.

ಈ ಲೆಕ್ಕ ಗೆಲ್ಲಬೇಕಾದರೆ ಸೀಟು ಹೆಚ್ಚಿರಬೇಕು. ವಿಮಾನದ ಬಾಡಿಗೆ, ಪೈಲಟ್ಟುಗಳ ಸಂಬಳ, ಇಳಿಯುವ ಶುಲ್ಕ ಇವೆಲ್ಲ ಎಷ್ಟು ಜನರ ಮೇಲೆ ಹಂಚುತ್ತದೆ ಎನ್ನುವುದರ ಮೇಲೆ ನಿಮ್ಮ ಟಿಕೆಟ್ಟಿನ ದರ ನಿಂತಿದೆ. ಪೋರ್ಟ್ ಬ್ಲೇರ್‌ಗೆ, ಮಾಲೆಗೆ ಹೋಗುವ ಏರ್‌ಬಸ್ ಅಥವಾ ಬೋಯಿಂಗ್ ಜೆಟ್ಟಿನಲ್ಲಿ 180ರಿಂದ 230ರಷ್ಟು ಸೀಟು. ಇಂಡಿಗೊ 2024ರ ಮಾರ್ಚ್ 31ರಂದು ಬೆಂಗಳೂರು–ಅಗತ್ತಿ ನೇರ ಸಂಚಾರ ಶುರು ಮಾಡಿದಾಗ ಇಳಿಸಿದ್ದು 78 ಸೀಟಿನ ಎಟಿಆರ್ 72. ಎಲ್ಲವೂ ಎಕಾನಮಿ.

ದರ ಏರುವ ಬಗೆಯೂ ಇಲ್ಲೇ ಅಡಗಿದೆ. ವಿಮಾನ ಕಂಪನಿಗಳು ಸೀಟುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಮಾರುತ್ತವೆ. ಕೆಳಗಿನ ಮೆಟ್ಟಿಲಿನ ಅಗ್ಗದ ಸೀಟು ಮುಗಿದಂತೆ ಮುಂದಿನದು ತೆರೆಯುತ್ತದೆ. 230 ಸೀಟಿನ ವಿಮಾನದಲ್ಲಿ ಕೆಳಗಿನ ಮೆಟ್ಟಿಲು ಅಗಲ. 78 ಸೀಟಿನದರಲ್ಲಿ ಇಬ್ಬರು ಅಣ್ಣತಮ್ಮಂದಿರ ಕುಟುಂಬ ಒಟ್ಟಿಗೆ ಬುಕ್ ಮಾಡಿದರೂ ಒಂದು ಮೆಟ್ಟಿಲು ಖಾಲಿ. ಕ್ರಿಸ್‌ಮಸ್ ರಜೆಗೆ ದೀಪಾವಳಿ ಮುಗಿದ ಮೇಲೆ ನೋಡೋಣ ಅಂದವರಿಗೆ ಹತ್ತಿರದ ದ್ವೀಪ ದೂರದ ದ್ವೀಪಕ್ಕಿಂತ ದುಬಾರಿಯಾಗಿ ಕಾಣುವುದು ಹೀಗೆ.

ಎಟಿಆರ್‌ನಲ್ಲಿ

ಜೆಟ್ಟಿಗೆ ಒಗ್ಗಿದವರಿಗೆ ಎಟಿಆರ್ ಸ್ವಲ್ಪ ತಬ್ಬಿಬ್ಬು ಮಾಡುತ್ತದೆ. ಹತ್ತುವುದು ಹಿಂದಿನ ಬಾಗಿಲಿನಿಂದ. ಮುಂಭಾಗದಲ್ಲಿ, ಪೈಲಟ್ಟಿನ ಬೆನ್ನ ಹಿಂದೆ, ಲಗೇಜಿನ ಕೋಣೆ. ನಡುದಾರಿಯ ಆಚೆಗೆರಡು ಈಚೆಗೆರಡು ಸೀಟು, ಹಾಗಾಗಿ ನಡುವಿನ ಸೀಟೆಂಬ ಶಿಕ್ಷೆ ಯಾರಿಗೂ ಇಲ್ಲ. ರೆಕ್ಕೆ ಕಿಟಕಿಗಳ ಮೇಲಿರುವುದರಿಂದ ಕೆಳಗಿನ ನೋಟಕ್ಕೆ ಅಡ್ಡಿಯೂ ಕಡಿಮೆ. ಗಂಟೆಗೆ ಐನೂರು ಕಿಲೋಮೀಟರ್ ಆಸುಪಾಸಿನ ವೇಗ. ನಕ್ಷೆಯ ನೇರ ಗೆರೆ ಮೈಸೂರು ಸೀಮೆ, ಕೊಡಗು ದಾಟಿ ಉತ್ತರ ಕೇರಳದ ಕರಾವಳಿಯಲ್ಲಿ ಕಡಲಿಗಿಳಿಯುತ್ತದೆ.

ಬ್ಯಾಗು ಕಟ್ಟುವಾಗ ನಮ್ಮ ಮನೆಗಳ ಒಂದು ಅಭ್ಯಾಸ ಇಲ್ಲಿ ಮುಗ್ಗರಿಸುತ್ತದೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿನ ಜೊತೆ ಒಂದೆರಡು ಕೊಬ್ಬರಿ ಗಿಟುಕು ಇಟ್ಟುಕೊಳ್ಳುವವರು ಉಂಟು. ಒಣಕೊಬ್ಬರಿ ವಿಮಾನದಲ್ಲಿ ನಿಷಿದ್ಧ. ಎಣ್ಣೆಯಂಶ ಹೆಚ್ಚಿರುವ ಕಾರಣ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯೇ ಇದೆ. ತೆಂಗನ್ನೇ ನಂಬಿ ಬದುಕಿದ ದ್ವೀಪಗಳ ಕೊಬ್ಬರಿಯೂ ಅದಕ್ಕೇ ಹಡಗಿನಲ್ಲೇ ಹೋಗಬೇಕು.

ತೂಕದ ವಿಷಯದಲ್ಲಿ ಅಗತ್ತಿ ಮತ್ತೂ ಕಟ್ಟುನಿಟ್ಟು. 23 ಟನ್ನಿನ ಪೂರ್ಣ ತೂಕ ಹೊತ್ತ ಎಟಿಆರ್ 72ಕ್ಕೆ ಸಮುದ್ರಮಟ್ಟದಲ್ಲಿ ಮೇಲೇರಲು ಸುಮಾರು 1,300 ಮೀಟರ್ ಓಟ ಬೇಕು. ಬಿಸಿಲೇರಿದಾಗ ಗಾಳಿ ತೆಳುವಾಗಿ ಓಟ ಇನ್ನಷ್ಟು ಉದ್ದವಾಗುತ್ತದೆ. ಅಗತ್ತಿಯಲ್ಲಿರುವುದು 1,204. ಆದ್ದರಿಂದ ಅಲ್ಲಿಂದ ಏರುವ ವಿಮಾನ ಒಂದಿಷ್ಟು ಭಾರವನ್ನು ಬಿಟ್ಟೇ ಏರಬೇಕು, ಅದು ಇಂಧನವೋ ಲಗೇಜೋ ಸೀಟೋ ಎಂಬುದು ಆ ದಿನದ ಗಾಳಿಯನ್ನು ನೋಡಿ ಆಗುವ ತೀರ್ಮಾನ. 1988ರಲ್ಲಿ ಈ ನಿಲ್ದಾಣ ಶುರುವಾದಾಗ ಬಂದಿಳಿಯುತ್ತಿದ್ದುದು ವಾಯುದೂತ ವಿಮಾನ ಕಂಪನಿಯ ಇನ್ನೂ ಪುಟ್ಟ ಡಾರ್ನಿಯರ್.

ಉದ್ದದ ರನ್‌ವೇ ಇರುವ ಕಡೆ

ಪೋರ್ಟ್ ಬ್ಲೇರ್‌ನಲ್ಲಿ ರನ್‌ವೇ 3,290 ಮೀಟರ್. 2024ರ ಸೆಪ್ಟೆಂಬರ್‌ನಲ್ಲಿ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟರೂ ನಮ್ಮ ಏಜೆನ್ಸಿಗಳ ಬಾಯಲ್ಲಿ ಹಳೆಯ ಹೆಸರೇ ಇದೆ. ನಿಲ್ದಾಣ ನೌಕಾಪಡೆಯದು, ನಾಗರಿಕ ವಿಮಾನಗಳು ಅಲ್ಲಿ ಅತಿಥಿ. ಒಂದು ತುದಿಯಲ್ಲಿ ಗುಡ್ಡ ಇರುವುದರಿಂದ ವಿಮಾನ ಒಂದೇ ದಿಕ್ಕಿನಿಂದ ಇಳಿದು ಬಂದ ದಿಕ್ಕಿಗೇ ತಿರುಗಿ ಏರುತ್ತದೆ. ಹಿಂಬದಿ ಗಾಳಿ ಜೋರಾದರೆ ಕಷ್ಟ. ಅದಕ್ಕೇ ಬೆಳಗಿನ ವಿಮಾನಗಳೇ ಹೆಚ್ಚು, ಬನಶಂಕರಿಯವರ ನಿದ್ದೆಗೇಡೂ ಅದಕ್ಕೇ. ಉದ್ದ ಸಾಕಷ್ಟಿರುವುದರಿಂದ ದೊಡ್ಡ ಜೆಟ್ಟುಗಳು ಬಂದವು, ಜೆಟ್ಟುಗಳಿಂದ ದರ ಇಳಿಯಿತು, ದರ ಇಳಿದು ಜನ ಹೆಚ್ಚಿದರು, ಜನ ಹೆಚ್ಚಿ ಹಳೆಯ ಕಟ್ಟಡ ಸಾಲದಾಯಿತು. 2023ರ ಜುಲೈನಲ್ಲಿ ಪ್ರಧಾನಿ ಉದ್ಘಾಟಿಸಿದ ಚಿಪ್ಪಿನಾಕಾರದ ಹೊಸ ಟರ್ಮಿನಲ್ಲಿಗೆ ಸುಮಾರು 710 ಕೋಟಿ ರೂಪಾಯಿ ಖರ್ಚಾಗಿದೆ, ವರ್ಷಕ್ಕೆ 50 ಲಕ್ಷ ಪ್ರಯಾಣಿಕರನ್ನು ನಿಭಾಯಿಸುವ ಅಳತೆಯಲ್ಲಿ ಅದನ್ನು ಕಟ್ಟಲಾಗಿದೆ. 2011ರ ಜನಗಣತಿಯಲ್ಲಿ ಅಂಡಮಾನ್ ನಿಕೋಬಾರ್‌ನ ಒಟ್ಟು ಜನ 3.8 ಲಕ್ಷ.

ಮಾಲೆಯ ನಿಲ್ದಾಣದ ಕಥೆಗೆ ಬೆಂಗಳೂರಿನ ಸಂಬಂಧವೂ ಇದೆ. ಆಗ ಇಲ್ಲಿನ ಮ್ಯೂಸಿಯಂ ರಸ್ತೆಯಲ್ಲಿ ಕೇಂದ್ರ ಕಚೇರಿಯಿದ್ದ ಜಿಎಂಆರ್, ಮಲೇಷ್ಯಾದ ಪಾಲುದಾರರ ಜೊತೆ 2010ರಲ್ಲಿ ಆ ನಿಲ್ದಾಣವನ್ನು 25 ವರ್ಷಕ್ಕೆ ಪಡೆಯಿತು. 2012ರಲ್ಲಿ ಅಲ್ಲಿನ ಸರ್ಕಾರ ಒಪ್ಪಂದವನ್ನು ಹರಿದು ಹಾಕಿತು. ಸಿಂಗಪುರದ ಪಂಚಾಯ್ತಿ ಮುಗಿದು 2016ರಲ್ಲಿ ಮಾಲ್ದೀವ್ಸ್ 27 ಕೋಟಿ ಡಾಲರ್ ಪರಿಹಾರ ತೆರಬೇಕಾಯಿತು. ಮುಂದೆ 3,400 ಮೀಟರಿನ ಹೊಸ ರನ್‌ವೇ ಕಟ್ಟಿದ್ದು ಚೀನಾದ ಕಂಪನಿ. ಪ್ರವಾಸೋದ್ಯಮವೇ ಉಸಿರಾದ ದೇಶಕ್ಕೆ ರನ್‌ವೇ ಎಂದರೆ ವಿದೇಶಾಂಗ ನೀತಿಯೂ ಹೌದು. 2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪದ ದಡದ ಚಿತ್ರಗಳನ್ನು ಹಂಚಿಕೊಂಡಾಗ ಮಾಲ್ದೀವ್ಸ್‌ನ ಕೆಲವು ಉಪಮಂತ್ರಿಗಳು ಹಗುರವಾಗಿ ಮಾತಾಡಿದರು. ನಮ್ಮಲ್ಲಿ ಬಹಿಷ್ಕಾರದ ಕೂಗೆದ್ದಿತು. 2023ರಲ್ಲಿ ಎರಡು ಲಕ್ಷ ದಾಟಿದ್ದ ಅಲ್ಲಿನ ಭಾರತೀಯ ಪ್ರವಾಸಿಗರ ಸಂಖ್ಯೆ ಮರುವರ್ಷ 1.3 ಲಕ್ಷದ ಆಸುಪಾಸಿಗೆ ಬಿತ್ತು. ಇಷ್ಟು ದಿನ ನಕ್ಷೆಯಲ್ಲಿ ಚುಕ್ಕೆಯಾಗಿದ್ದ ಅಗತ್ತಿಯ ಹೆಸರು ಜಯನಗರದ ಏಜೆನ್ಸಿಗಳಲ್ಲಿ ಕೇಳಿಬಂದದ್ದು ಆಗಲೇ.

ಮಂಗಳೂರಿನ ಕಚೇರಿ, ಕಡಲಾಚೆಯ ಪ್ರಜೆಗಳು

ಈ ದ್ವೀಪಗಳು ಕನ್ನಡ ನಾಡಿಗೆ ಹೊಸಬರಲ್ಲ. ಲಕ್ಷದ್ವೀಪದ ಉತ್ತರದ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಸೇರಿದ ಗುಂಪಿಗೆ ಅಮಿನ್‌ದಿವಿ ಎಂದು ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿ ರೋಸಿಹೋದ ಇಲ್ಲಿನ ಜನ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆ ಹೊಕ್ಕರು. 1787ರ ಸುಮಾರಿಗೆ ಈ ಗುಂಪು ಮೈಸೂರಿನ ಕೈಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಇವನ್ನು ಕೆನರಾಕ್ಕೆ ಸೇರಿಸಿದರು. ಅಗತ್ತಿ, ಕವರತ್ತಿ ಇರುವ ದಕ್ಷಿಣದ ಗುಂಪು ಕಣ್ಣೂರಿನ ಜೊತೆಗೇ ಉಳಿದು ಕಡೆಗೆ ಮಲಬಾರಿಗೆ ಸೇರಿತು.

ಹೀಗೆ ಒಂದೂವರೆ ಶತಮಾನ ಅಮಿನ್‌ದಿವಿಯ ಆಡಳಿತ ಮಂಗಳೂರಿನಿಂದ ನಡೆಯಿತು. ದ್ವೀಪದಲ್ಲಿ ಮೊನೆಗಾರ ಎಂಬ ಅಧಿಕಾರಿ, ಅವನ ಮೇಲೆ ದಕ್ಷಿಣ ಕನ್ನಡದ ಕಲೆಕ್ಟರ್. ತೆಂಗಿನ ನಾರಿನ ಹುರಿಯ ಏಕಸ್ವಾಮ್ಯ ಸರ್ಕಾರದ್ದು. ದ್ವೀಪದವರು ಹಾಯಿಹಡಗಿನಲ್ಲಿ ಹುರಿ ತಂದು ಮಂಗಳೂರಿನಲ್ಲಿ ಒಪ್ಪಿಸಿ ಅಕ್ಕಿ ಪಡೆದು ಮರಳುತ್ತಿದ್ದರು. 1956ರ ನವೆಂಬರ್ 1ರಂದು ದ್ವೀಪಗಳೆಲ್ಲ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ನಾವು ರಾಜ್ಯೋತ್ಸವ ಆಚರಿಸುವ ದಿನವೇ ದಕ್ಷಿಣ ಕನ್ನಡದಿಂದ ಕಾಸರಗೋಡು ಕೇರಳಕ್ಕೆ ಹೋಯಿತು ಎಂಬುದನ್ನು ಮತ್ತೆ ಮತ್ತೆ ನೆನೆಯುತ್ತೇವೆ. ಅದೇ ದಿನ ಐದು ದ್ವೀಪಗಳೂ ಆ ಜಿಲ್ಲೆಯಿಂದ ಕಳಚಿಕೊಂಡದ್ದು ನೆನಪಿನಲ್ಲಿ ಉಳಿಯಲಿಲ್ಲ. ಮಂಗಳೂರಿನ ಹಳೆ ಬಂದರಿಗೆ ಮಾತ್ರ ಅದು ಮರೆತಿಲ್ಲ. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ತರಕಾರಿ, ಸಿಮೆಂಟು, ಜಲ್ಲಿ ಹೊತ್ತ ಮಂಜಿ ಹಡಗುಗಳು ಅಲ್ಲಿಂದ ಇಂದಿಗೂ ದ್ವೀಪಕ್ಕೆ ಹೊರಡುತ್ತವೆ.

ಎಷ್ಟು ಜನ ಹಿಡಿಸುತ್ತಾರೆ?

ಅಗತ್ತಿಯ ವಿಸ್ತೀರ್ಣ ಸುಮಾರು 3.8 ಚದರ ಕಿಲೋಮೀಟರ್, ಅಂದರೆ ನಾಲ್ಕು ಲಾಲ್‌ಬಾಗ್‌ನಷ್ಟು. ಜನಸಂಖ್ಯೆ 2011ರಲ್ಲಿ ಏಳೂವರೆ ಸಾವಿರ. ತುಂಬಿದ ಒಂದು ಎಟಿಆರ್ ಇಳಿದರೆ ಊರಿನ ಜನ ಶೇ 1ರಷ್ಟು ಹೆಚ್ಚುತ್ತಾರೆ. ದೊಡ್ಡ ಜೆಟ್ ಇಳಿದರೆ ಶೇ 3. ದಿನಕ್ಕೆ ನಾಲ್ಕು ಜೆಟ್ ಎಂದರೆ ಏನಾಗಬಹುದು ಎಂಬುದನ್ನು ಓದುಗರೇ ಗುಣಿಸಿಕೊಳ್ಳಬಹುದು.

ಬಂದವರಿಗೆ ಮೊದಲು ಬೇಕಾದದ್ದು ನೀರು. ಹವಳದ ದ್ವೀಪದಲ್ಲಿ ನದಿಯಿಲ್ಲ. ಮಳೆನೀರು ಮರಳಿನಡಿ ಇಳಿದು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಹೆಚ್ಚು ಎತ್ತಿದರೆ ಬಾವಿಗೆ ಉಪ್ಪು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ, 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಯಲ್ಲಿ ಸಮುದ್ರದ ಮೇಲ್ಪದರದ ಬಿಸಿ ಮತ್ತು ಆಳದ ತಂಪಿನ ವ್ಯತ್ಯಾಸದಿಂದಲೇ ಸಿಹಿನೀರು ತೆಗೆಯುವ ಘಟಕ ಕಟ್ಟಿತು. ದಿನಕ್ಕೆ ಒಂದು ಲಕ್ಷ ಲೀಟರ್. ಅಗತ್ತಿಯವರಿಗೆ ಹಂಚಿದರೆ ತಲೆಗೆ ಹದಿಮೂರು ಲೀಟರ್. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪಂಪಾಗಿ ಬರುವ ಕಾವೇರಿಯನ್ನು ನೆಚ್ಚಿಕೊಂಡು, 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಸಾಲು ನಿಂತ ನಮಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಹವಳ. ಮೈಸೂರಿನಲ್ಲಿ 1996ರಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಸಂಶೋಧಕರು ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿನ ಹವಳದ ದಿಬ್ಬಗಳನ್ನು ಮುಳುಗಿ ಅಳೆದಿದ್ದಾರೆ. ಅಗತ್ತಿ, ಕಡ್ಮತ್, ಕವರತ್ತಿಗಳಲ್ಲಿ 1998ರಲ್ಲಿ ಶೇ 37ರಷ್ಟಿದ್ದ ಹವಳದ ಹೊದಿಕೆ 24 ವರ್ಷಗಳಲ್ಲಿ ಶೇ 19ಕ್ಕೆ ಇಳಿದಿದೆ ಎಂದು 2025ರಲ್ಲಿ ಅವರು ವರದಿ ಮಾಡಿದರು. 1998, 2010, 2016ರ ಬಿಸಿಯಲೆಗಳಲ್ಲಿ ಹವಳ ಬಿಳಿಚಿತು. ಪ್ರತಿ ಏಟಿನ ನಡುವೆ ಚೇತರಿಸಿಕೊಳ್ಳಲು ಸಿಕ್ಕ ಬಿಡುವು ಕಡಿಮೆಯಾಗುತ್ತ ಬಂತು. ಇದು ಪ್ರವಾಸಿಗರ ತಪ್ಪಲ್ಲ, ಕಾದ ಕಡಲಿನ ಕೆಲಸ. ಆದರೆ ಈ ದ್ವೀಪದ ನೆಲವೇ ಹವಳದ ಪುಡಿ. ದಿಬ್ಬ ಬೆಳೆಯುವುದು ನಿಂತರೆ ಅಲೆಗೆ ತಡೆಯಿಲ್ಲ. ಬಂಗಾರಂ ಬಳಿಯ ಪರಳಿ ಎಂಬ ತುಂಡು ದ್ವೀಪ ಕೊರೆತಕ್ಕೆ ಸಿಕ್ಕಿ ಕಾಣೆಯಾದ ಸುದ್ದಿ 2017ರಲ್ಲೇ ಬಂದಿತ್ತು.

ಈ ಮಿತಿಗಳನ್ನು ಕಾಗದದ ಮೇಲೆ ತಂದವರಲ್ಲಿ ಒಬ್ಬರು ಕರ್ನಾಟಕ ಹೈಕೋರ್ಟ್‌ನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಸುಪ್ರೀಂ ಕೋರ್ಟ್ ನೇಮಿಸಿದ ಅವರ ಸಮಿತಿ, ಪ್ರತಿ ದ್ವೀಪಕ್ಕೂ ಅದರ ಧಾರಣಶಕ್ತಿ ನೋಡಿಕೊಂಡು ಪ್ರವಾಸೋದ್ಯಮ ನಡೆಯಬೇಕು ಎಂಬ ದಾರಿಯನ್ನು ತೋರಿತು. ಹೊರಗಿನವರು ಅನುಮತಿ ಪತ್ರವಿಲ್ಲದೆ ಕಾಲಿಡುವಂತಿಲ್ಲ ಎಂಬ 1967ರ ನಿಯಮವೂ ಇದೆ. ಬಾಲಿಗೆ ಟಿಕೆಟ್ ಕೊಂಡು ನಡೆಯುವ ನಾವು ನಮ್ಮದೇ ದೇಶದ ಅಗತ್ತಿಗೆ ಅರ್ಜಿ ಹಾಕಿ ಕಾಯುವುದು ಅದಕ್ಕೇ.

ಉದ್ದ ಮಾಡಬೇಕೇ?

ರನ್‌ವೇಯನ್ನು ಉದ್ದಗೊಳಿಸಿ ಜೆಟ್ ಇಳಿಸುವ ಮಾತು ಬಹಳ ಕಾಲದಿಂದಿದೆ. ಅಗತ್ತಿಯ ದಕ್ಷಿಣ ತುದಿಯಲ್ಲಿ ರನ್‌ವೇ ಮುಗಿದಲ್ಲೇ ನೆಲವೂ ಮುಗಿಯುತ್ತದೆ. ಅದರಾಚೆ ಕಲ್ಪಿಟ್ಟಿ ಎಂಬ ಜನರಿಲ್ಲದ ಪುಟ್ಟ ದ್ವೀಪ, ನಡುವೆ ಹಸಿರಾಮೆಗಳು ಓಡಾಡುವ ತೆಳುನೀರು. ಅದನ್ನು ತುಂಬದೆ ಜೆಟ್ ಬರಲಾರದು. 2024ರ ಮಧ್ಯಂತರ ಬಜೆಟ್ಟಿನಲ್ಲಿ ಲಕ್ಷದ್ವೀಪದ ಪ್ರವಾಸಿ ಸೌಕರ್ಯಗಳ ಪ್ರಸ್ತಾಪ ಬಂದ ಮೇಲೆ ಈ ಮಾತಿಗೆ ಬಲ ಬಂದಿದೆ.

ದ್ವೀಪದವರ ಕಣ್ಣಿನಿಂದಲೂ ನೋಡಬೇಕು. ಅವರಿಗೆ ವಿಮಾನ ರಜೆಯ ಮಾತಲ್ಲ, ಆಸ್ಪತ್ರೆಯ ಮಾತು, ಮಕ್ಕಳ ಕಾಲೇಜಿನ ಮಾತು. ಮಳೆಗಾಲದಲ್ಲಿ ಹಡಗು ತಡವಾದರೆ ಉಳಿಯುವ ದಾರಿ ಅದೊಂದೇ. ಡಿಸೆಂಬರ್‌ನಲ್ಲಿ ನಾವು ಮುಗಿಬಿದ್ದು ಸೀಟು ಕೊಂಡಾಗ ದರದ ಮೇಲಿನ ಮೆಟ್ಟಿಲು ಹತ್ತಬೇಕಾದವರಲ್ಲಿ ಅವರೂ ಇರುತ್ತಾರೆ. ಆದ್ದರಿಂದ ರನ್‌ವೇ ಹೀಗೇ ಇರಲಿ ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ, ಪೂರ್ತಿ ನ್ಯಾಯವಲ್ಲ.

ಆದರೆ ಅವರ ಅಗತ್ಯಕ್ಕೆ 230 ಸೀಟಿನ ಜೆಟ್ಟೇ ಬೇಕಿಲ್ಲ. ಅದೇ ರನ್‌ವೇಗೆ ಹೆಚ್ಚು ಸಲ ಬರುವ ಎಟಿಆರ್, ಅದರಲ್ಲಿ ದ್ವೀಪದವರಿಗೆ ಕಾದಿಟ್ಟ ಒಂದಿಷ್ಟು ಸೀಟು ಸಾಕು. ಪ್ರವಾಸಿಗರಿಗೆ ಇನ್ನೊಂದು ದಾರಿ ಕಡಲಲ್ಲೇ ಇದೆ. ಕಡ್ಮತ್‌ಗೆ ಕೊಚ್ಚಿಯಿಂದ 400 ಕಿ.ಮೀ. ಮೇಲಾದರೆ ಮಂಗಳೂರಿನಿಂದ 300ಕ್ಕೂ ಕಡಿಮೆ. 2024ರ ಮೇನಲ್ಲಿ ದ್ವೀಪದ ಪ್ರಯಾಣಿಕರನ್ನು ಹೊತ್ತ ವೇಗದ ಹಡಗೊಂದು ಹಳೆ ಬಂದರಿಗೆ ಬಂದಾಗ ಈ ಮಾರ್ಗ ಸಾಧ್ಯ ಎಂಬುದು ಕಂಡಿತು. ಅದನ್ನು ನಿತ್ಯದ ಸೇವೆಯಾಗಿಸುವ ಹೊಣೆ ಕೇಂದ್ರ, ರಾಜ್ಯ ಎರಡೂ ಸರ್ಕಾರಗಳದ್ದು. ಆಗ ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಮಂಗಳೂರು, ಬೆಳಿಗ್ಗೆ ಹಡಗು. ದೇವನಹಳ್ಳಿಯ ಹಂಗೂ ಇಲ್ಲ, 15 ಕಿಲೋ ಲಗೇಜಿನ ತಕ್ಕಡಿಯೂ ಇಲ್ಲ, ಮರಳುವಾಗ ಕೊಬ್ಬರಿಯನ್ನೂ ತರಬಹುದು. ಲಕ್ಷದ್ವೀಪಕ್ಕೆ ಅಗ್ಗದ ಎಕಾನಮಿ ಟಿಕೆಟ್ ಬೇಕು ಎನ್ನುವವರು ಮೊದಲು ಕೇಳಬೇಕಾದದ್ದು ಈ ಹಡಗನ್ನು.